ಯಾವ ಕಡೆಯ ರಕ್ತ

ನನ್ನ ಸೊಸೆ ಅಫ್ಶೀನ್ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಉಗುಳಿ, ಬಿರಡೆ ಹಾಕಿ, ಅದನ್ನು ಅಂಚೆಯಲ್ಲಿ ಅಮೆರಿಕಾಕ್ಕೆ ಕಳಿಸಿದ್ದಳಂತೆ. ನಾನು ಸ್ವೀಡನ್ನಿನ ವೆಸ್ಟೆರಾಸ್‌ಗೆ ಬಂದು ಇಳಿಯುವ ಹೊತ್ತಿಗೆ ಉತ್ತರವೂ ಬಂದಾಗಿತ್ತು. ಕಂಪ್ಯೂಟರ್ ತೆರೆದು ತೋರಿಸಿದಳು. ಸೊಪ್ಪುಸದೆಯಲ್ಲಿ ಫೋಲೇಟ್ ಎನ್ನುವ ವಿಟಮಿನ್ ಇರುತ್ತದೆ, ಅದನ್ನು ಮೈಗೆ ಹೊಂದುವ ಹಾಗೆ ಹದ ಮಾಡಲು ಒಂದು ಜೀನ್ ಇರುತ್ತದೆ, ಅವಳಲ್ಲಿ ಆ ಜೀನ್ ನಿಧಾನದ್ದು. ಇಷ್ಟು ಅದರ ಸಾರ.

"ಎರಡು ಪ್ರತಿ ಇದೆ ಅತ್ತೆ ನನ್ನಲ್ಲಿ. ಒಂದು ಅಮ್ಮನಿಂದ ಬಂದಿದ್ದು, ಒಂದು ಅಪ್ಪನಿಂದ" ಎಂದಳು.

ಉಗುಳಿನಲ್ಲಿ ಅಪ್ಪ ಅಮ್ಮ ಇಬ್ಬರೂ ಇರುತ್ತಾರೆಂದು ನನಗೆ ಗೊತ್ತಾದದ್ದು ಅಂದೇ.

ಹಿಂದಿನ ಚಳಿಗಾಲದಲ್ಲಿ ಅವಳ ಮೊದಲ ಬಸುರು ಐದನೇ ತಿಂಗಳಿನಲ್ಲಿ ಹೋಗಿತ್ತು. ಮಗುವಿನ ತಲೆಬುರುಡೆ ಕೂಡಿಲ್ಲ, ಬೆನ್ನುಹುರಿ ಮುಚ್ಚಿಲ್ಲ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡಿತಂತೆ. ಆಗ ನನಗೆ ವೀಸಾ ಸಿಗಲಿಲ್ಲ. ಈಗ ಸಿಕ್ಕಿ ಬಂದಿದ್ದೆ. ಬಂದ ಎರಡನೇ ದಿನವೇ ಅವಳು ಸಿಂಕಿನ ಮುಂದೆ ನಿಂತು, ನನ್ನ ಕಡೆ ತಿರುಗದೆ ಹೇಳಿದಳು:

"ದೊಡ್ಡಾಸ್ಪತ್ರೆಲಿ ಜೆನೆಟಿಕ್ಸ್ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಇದು ರಕ್ತದಲ್ಲೇ ಇರೋದು ಅಂತ ಅವರು ಹೇಳಿಬಿಟ್ರೆ ನನಗೆ ಇನ್ನು ಮಗು ಬೇಡ ಅತ್ತೆ. ಇನ್ನೊಂದ್ಸಲ ಆ ಸ್ಕ್ರೀನ್ ನೋಡೋಕೆ ನನ್ನ ಕೈಲಾಗಲ್ಲ. ಮಾಜಿದ್‌ಗೂ ಹೇಳಿದೀನಿ."

ಮಾಜಿದ್ ನನ್ನ ಮಗ. ಇಲ್ಲಿ ವಿದ್ಯುತ್ ಯಂತ್ರಗಳ ಕಂಪನಿಯೊಂದರಲ್ಲಿ ಇಂಜಿನಿಯರು. ಅವನು ಮೊಬೈಲು ನೋಡುತ್ತ ಕೂತಿದ್ದ. ಅದು ಮೊಬೈಲು ನೋಡುವವರ ಕೂರುವಿಕೆಯಲ್ಲ ಎಂದು ಹೆತ್ತವಳಿಗೆ ತಿಳಿಯದೇ?

ರಕ್ತ ಎಂದರೆ ಯಾವ ರಕ್ತ, ಅದು ನನ್ನ ಚಿಂತೆ. ಅಫ್ಶೀನ್ ಹೊರಗಿನವಳಲ್ಲ, ನನ್ನ ತಮ್ಮ ಇಸ್ಹಾಕನ ಮಗಳು. ಇಸ್ಹಾಕನಿಗೆ ತಂದದ್ದು ನನ್ನ ಯಜಮಾನರ ಒಡಹುಟ್ಟಿದ ತಂಗಿಯನ್ನು. ನಾವು ಹರಿಹರದ ಪಿಂಜಾರರು, ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಹೆಣ್ಣು ಕೊಟ್ಟ ಮನೆಯಿಂದಲೇ ಹೆಣ್ಣು ತರುವುದು ನಮ್ಮ ಎರಡು ಮನೆಗಳ ರೂಢಿ. ಹಾಗಾಗಿ ಮಾಜಿದನ ಅಜ್ಜ ಅಜ್ಜಿಯರು ಯಾರೋ ಅಫ್ಶೀನಳ ಅಜ್ಜ ಅಜ್ಜಿಯರೂ ಅವರೇ. ಊರಿನಲ್ಲಿ ಇದನ್ನು ಹೇಳಿದರೆ, "ಒಳ್ಳೇದಾಯ್ತು, ಹುಡುಗಿ ಗೊತ್ತಿರೋ ಮನೆಗೇ ಹೋದ್ಲು" ಎನ್ನುತ್ತಾರೆ. ಇಲ್ಲಿ ಡಾಕ್ಟರು ಏನೆನ್ನುತ್ತಾರೋ?

ಭಾನುವಾರ ಮಾಜಿದನ ಆಫೀಸಿನ ನಂದಕುಮಾರ ಫಿಕಾಕ್ಕೆ ಬಂದ. ಕಾಫಿಯ ಜೊತೆ ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಹರಟುವುದಕ್ಕೆ ಇಲ್ಲಿ ಫಿಕಾ ಎನ್ನುತ್ತಾರೆ. ಮೈಸೂರಿನ ಕಡೆಯ ಹುಡುಗ, ಮನೆಯವನ ಹಾಗೆ ಬಳಕೆ. ಬನ್ನು ಮುರಿಯುತ್ತ, "ಅಫ್ಶೀನ್, ಈ ಮಾಮೂಲಿ ಫೋಲಿಕ್ ಆಸಿಡ್ ಮಾತ್ರೆ ತಗೋತಿಲ್ಲ ತಾನೇ?" ಎಂದ. ಆ ಫೋಲೇಟನ್ನೇ ಮಾತ್ರೆ ಮಾಡಿದ್ದಂತೆ ಅದು.

"ತಗೋತಿದೀನಿ. ಯಾಕೆ?"

"ಅಯ್ಯೋ, ಈ ಜೀನ್ ಇರೋರಿಗೆ ಅದು ವಿಷ ಅಂತೆ ರೀ. ಮೈಯಲ್ಲಿ ಹಾಗೇ ಕೂತ್ಬಿಡುತ್ತೆ. ಆಕ್ಟಿವ್ ಅಂತ ಬೇರೆ ಥರದ್ದು ಬರುತ್ತೆ, ಅದನ್ನ ತರಿಸ್ಕೊಳ್ಳಿ."

"ಯಾರಪ್ಪ ಹೇಳಿದ್ದು?" ಮಾಜಿದ್ ಕೇಳಿದ.

"ಒಂದು ಬ್ಲಾಗ್‌ನಲ್ಲಿದೆ. ಕೆಳಗಡೆ ನೂರಾರು ಕಾಮೆಂಟ್."

"ಕಾಮೆಂಟ್ ಜಾಸ್ತಿ ಆದ್ರೆ ವಿಷ ಆಗ್ಬಿಡುತ್ತಾ?"

"ನಗು ನೀನು. ಹೊರೋಳು ಅವಳು, ನಿನಗೇನು."

ಅಫ್ಶೀನ್ ನಗಲಿಲ್ಲ. ಮರುದಿನ ಹಳೆಯ ಮಾತ್ರೆ ಡ್ರಾಯರಿನೊಳಗೆ ಹೋಯಿತು, ಹೊಸದು ಬಂತು. ಅದು ಬಂದ ಮೇಲೆ, ಅದೂ ಹೆಚ್ಚಾದರೆ ಕೆಟ್ಟದ್ದು, ಜೊತೆಗೆ ಬಿ ಎರಡು ಬೇಕು, ಬಿ ಹನ್ನೆರಡು ಬೇಕು ಎಂದು ಇನ್ನೊಂದು ಕಡೆ ಓದಿದಳು. ಅಡುಗೆಮನೆಯ ಕಿಟಕಿಯಲ್ಲಿ ಸೀಸೆಗಳ ಸಾಲಾಯಿತು. ರಾತ್ರಿ ಶಾಲೆಯಲ್ಲಿ ಕಲಿತ ಅಷ್ಟಿಷ್ಟು ಇಂಗ್ಲಿಷಿನಲ್ಲಿ ನಾನು ಒಂದೊಂದನ್ನೇ ಎತ್ತಿ ಓದಿದೆ.

"ಬಿ ಎರಡು, ಬಿ ಒಂಬತ್ತು... ಇದೇನೇ ಇದು, ಸಿಟಿ ಬಸ್ಸಿನ ನಂಬರೇ?"

"ಹಾಗೇ ಅತ್ತೆ. ಯಾವುದು ಹತ್ತಿದ್ರೆ ಎಲ್ಲಿಗೆ ಹೋಗುತ್ತೋ ನನಗೂ ಗೊತ್ತಿಲ್ಲ."

ಬಿ ಹನ್ನೆರಡರ ಸೀಸೆಯನ್ನು ಮಾತ್ರ ಅವಳು ಬಂದ ಹಾಗೆಯೇ ವಾಪಸ್ ಕಟ್ಟಿದಳು. ಅದರ ಕ್ಯಾಪ್ಸೂಲಿನ ಹೊದಿಕೆಗೆ ಹಂದಿಯದ್ದೇನೋ ಸೇರಿದೆಯಂತೆ. "ಇದು ಹೇಗೂ ವೆಜಿಟೇರಿಯನ್‌ಗಳಿಗೆ ಕಮ್ಮಿ ಆಗೋದು. ನಮಗೇನು ಬೇಕಾಗಲ್ಲ ಬಿಡಿ" ಎಂದಳು. ಸರಿ ಎಂದೆ. ನನಗೆ ಸರಿ ತಪ್ಪು ಎರಡೂ ತಿಳಿಯುತ್ತಿರಲಿಲ್ಲ.

ಅಡುಗೆ ನನ್ನದೇ ಆಗಿತ್ತು. ಫ್ರಿಜ್ಜಿನಲ್ಲಿ ಇರುತ್ತಿದ್ದದ್ದು ಆಲೂಗೆಡ್ಡೆ, ಬೀಟ್‌ರೂಟು, ಎಲೆಕೋಸು, ಓಟ್ಸಿನಿಂದ ಮಾಡಿದ ಹಾಲು. ಡಬ್ಬಿಗಳಲ್ಲಿ ಬೇಳೆಗಳು. ನಮ್ಮ ಮನೆಯಲ್ಲಿ ಶುಕ್ರವಾರ ಮಾಂಸ ಬೇಯದೆ ಇದ್ದದ್ದು ನನಗೆ ನೆನಪಿಲ್ಲ. ಇಲ್ಲಿ ಶುಕ್ರವಾರಗಳು ಬಂದವು, ಹೋದವು, ಮಾಂಸದ ಮಾತೇ ಇಲ್ಲ. ಮಗು ಹೋದ ಮನೆ, ಬಾಯಿರುಚಿ ಕೆಟ್ಟಿದೆ, ತಾನಾಗಿ ಕೇಳಿದ ದಿನ ಮಾಡಿದರಾಯಿತು ಎಂದುಕೊಂಡು ಬೇಳೆ ಸಾರು ಕುದಿಸುತ್ತಿದ್ದೆ. ಕಾಯುವುದು ನನಗೆ ಕಷ್ಟವಲ್ಲ.

ಆಸ್ಪತ್ರೆಗೆ ಟ್ರೇನಿನಲ್ಲಿ ಹೋದೆವು. ಬಾಗಿಲಲ್ಲಿ ಬೂಟಿನ ಮೇಲೆ ಹಾಕಿಕೊಳ್ಳಲು ನೀಲಿ ಪ್ಲಾಸ್ಟಿಕ್ ಚೀಲಗಳಿದ್ದವು. ಅವುಗಳಲ್ಲಿ ಸರಸರ ಎನ್ನಿಸಿಕೊಂಡು ಒಳಗೆ ಹೋದರೆ ಬೂದುಗೂದಲಿನ ಒಬ್ಬ ಹೆಂಗಸು ಎದ್ದು ಬಂದು ಕೈ ಕುಲುಕಿ, "ಮೋನಾ" ಎಂದರು. ನರ್ಸಮ್ಮ ಇರಬೇಕು, ಡಾಕ್ಟರು ಆಮೇಲೆ ಬರುತ್ತಾರೆ ಎಂದುಕೊಂಡೆ. ಡಾಕ್ಟರು ಅವರೇ. ಇಲ್ಲಿ ಡಾಕ್ಟರನ್ನೂ ಬರೀ ಹೆಸರು ಹಿಡಿದು ಕರೆಯುತ್ತಾರೆ. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ಮಾಜಿದ್ ನನಗೆ ಕನ್ನಡದಲ್ಲಿ ಹೇಳುತ್ತ ಹೋದ.

ಮೊದಲು ವಂಶದ ಚಿತ್ರ ಬರೆಯಬೇಕಂತೆ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಅಫ್ಶೀನಳ ಸೊನ್ನೆ ಬರೆದು, ಪಕ್ಕದಲ್ಲಿ ಮಾಜಿದನ ಚೌಕ ಬರೆದು, ಮೇಲಕ್ಕೆ ಗೆರೆ ಎಳೆದು ನನ್ನನ್ನು ಕೇಳಿದರು. "ಇವಳ ತಂದೆ?"

"ನನ್ನ ತಮ್ಮ."

"ತಾಯಿ?"

"ನನ್ನ ಯಜಮಾನರ ತಂಗಿ."

ಮೋನಾ ಪೆನ್ಸಿಲ್ ಎತ್ತಿದರು. "ಹಾಗಾದರೆ ನೀವು ಇವಳಿಗೆ..."

"ಅಪ್ಪನ ಅಕ್ಕ. ಗಂಡನ ತಾಯಿ. ಅಮ್ಮನ ಅಣ್ಣನ ಹೆಂಡತಿ."

ಅವರು ರಬ್ಬರಿನಿಂದ ಒಂದು ಗೆರೆ ಅಳಿಸಿದರು, ಇನ್ನೊಂದು ಎಳೆದರು, ಅದನ್ನೂ ಅಳಿಸಿದರು. ಕೊನೆಗೆ ಬೇರೆ ಕಾಗದ ತೆಗೆದುಕೊಂಡರು.

"ಅಮ್ಮ, ನಿನ್ನನ್ನ ಎಲ್ಲಿ ಕೂರಿಸ್ಬೇಕು ಅಂತ ಅವರಿಗೆ ಗೊತ್ತಾಗ್ತಿಲ್ಲ" ಎಂದ ಮಾಜಿದ್.

"ಎಲ್ಲಾದ್ರೂ ಕೂರಿಸ್ಲಿ ಬಿಡಪ್ಪ, ಜಾಗ ಇದ್ದ ಕಡೆ."

ತಾಯಿಯ ಕಡೆ ಇಂಥ ಮಕ್ಕಳು ಹುಟ್ಟಿದ್ದುಂಟೇ ಎಂದು ಕೇಳಿದರು, ಆಮೇಲೆ ತಂದೆಯ ಕಡೆ. ಎರಡೂ ಒಂದೇ ಕಡೆ ಎಂದೆ. ಹುಟ್ಟಿದ ಕೂಡಲೇ ಹೋದ ಕೂಸುಗಳು ನಮ್ಮಲ್ಲಿ ಇದ್ದವು. ಬಟ್ಟೆಯಲ್ಲಿ ಸುತ್ತಿ ಗಂಡಸರ ಕೈಗೆ ಕೊಡುತ್ತಿದ್ದರು. ದೃಷ್ಟಿಯಾಯಿತು, ಗ್ರಹಣ ಹಿಡಿಯಿತು ಎನ್ನುತ್ತಿದ್ದರು. ಬಟ್ಟೆ ಬಿಚ್ಚಿ ನೋಡಿದವರು ಯಾರು? ಗೊತ್ತಿಲ್ಲ ಎಂದೇ ಹೇಳಬೇಕಾಯಿತು. ಅಫ್ಶೀನ್ ಆ ಚಿತ್ರವನ್ನೇ ದಿಟ್ಟಿಸುತ್ತಿದ್ದಳು. ಎಲ್ಲ ಗೆರೆಗಳೂ ಇಳಿದು ಬಂದು ಅವಳ ಸೊನ್ನೆಯನ್ನೇ ಮುಟ್ಟುತ್ತಿದ್ದವು.

ಮೋನಾ ಹಳೆಯ ಕಡತ ನೋಡುತ್ತ, "ಸಸ್ಯಾಹಾರಿಯಲ್ಲ ಎಂದು ಬರೆದಿದೆ. ಸರಿಯೇ?" ಎಂದರು.

"ಹೌದು, ವೆಜಿಟೇರಿಯನ್ ಅಲ್ಲ" ಎಂದರು ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ. ಮೋನಾ ಹಾಳೆ ತಿರುವಿದರು.

ಆಮೇಲೆ ಜೀನಿನ ಮಾತಿಗೆ ಬಂದರು. ನಾವು ಸಾಧಾರಣವಾಗಿ ಈ ಪರೀಕ್ಷೆ ಮಾಡುವುದೇ ಇಲ್ಲ, ಇದು ಇರುವವರು ಎಷ್ಟೋ ಜನ, ಹೆಚ್ಚಿನವರಿಗೆ ಮಕ್ಕಳು ಚೆನ್ನಾಗೇ ಹುಟ್ಟುತ್ತವೆ, ಅಪಾಯ ಸ್ವಲ್ಪ ಹೆಚ್ಚಬಹುದು ಅಷ್ಟೇ ಎಂದರು. ನಂದಕುಮಾರನ ಮಾತು ನಿಜವಲ್ಲವಂತೆ. ಮಾಮೂಲಿ ಮಾತ್ರೆ ಈ ಜೀನ್ ಇದ್ದವರಿಗೂ ಕೆಲಸ ಮಾಡುತ್ತದಂತೆ. ಒಮ್ಮೆ ಹೀಗೆ ಆದವರು ಬಸುರಾಗುವ ಮೊದಲಿನಿಂದಲೇ ಅದನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು, ಬಸುರು ಗೊತ್ತಾಗುವಷ್ಟರಲ್ಲಿ ಮಗುವಿನ ಬೆನ್ನು ಮುಚ್ಚುವ ಕಾಲ ಮುಗಿದಿರುತ್ತದೆ ಎಂದರು.

ಅದನ್ನೆಲ್ಲ ಹೇಳಿ, ನಾನೊಬ್ಬಳು ಸುಮ್ಮನೆ ಕೂತಿದ್ದೇನೆಂದೋ ಏನೋ, ನನ್ನ ಕಡೆ ನಕ್ಕು ಏನೋ ಕೇಳಿದರು. "ನೀನು ಬಂದ್ಮೇಲೆ ಮನೇಲಿ ಒಳ್ಳೊಳ್ಳೆ ಅಡುಗೆ ಇರಬೇಕಲ್ಲ ಅಂತಿದಾರೆ" ಎಂದ ಮಾಜಿದ್.

"ಏನು ಒಳ್ಳೆ ಅಡುಗೆ? ಬೇಳೆ ಸಾರು, ಬೀಟ್‌ರೂಟ್ ಪಲ್ಯ. ಮಾಂಸ ಎಲ್ಲಿದೆ ನಿನ್ನ ಮನೇಲಿ? ನಾನು ಬಂದಾಗಿನಿಂದ ಒಂದು ಚೂರು ನೋಡಿಲ್ಲ."

ಮಾಜಿದ್ ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ. "ಏನಂದರು?" ಎಂದು ಮೋನಾ ಕೇಳಿದರು. ಅವನು ಕೆಮ್ಮಿದ. ಅಫ್ಶೀನಳೇ ಹೇಳಿದಳು.

ಮೋನಾ ತಲೆ ಎತ್ತಿ ನನ್ನನ್ನೂ ಅಫ್ಶೀನಳನ್ನೂ ನೋಡಿದರು. ಏನಾದರೂ ಮರ್ಯಾದೆಗೆಟ್ಟ ಮಾತು ಆಡಿದೆನೇ ಎಂದು ಮಗನ ಮುಖ ನೋಡಿದೆ.

"ನೀವು ಮಾಂಸ ತಿನ್ನುವುದಿಲ್ಲವೇ?" ಮೋನಾ ಕೇಳಿದರು.

"ತಿಂತೀವಿ" ಎಂದಳು ಅಫ್ಶೀನ್. "ಇಲ್ಲಿ ತಿನ್ನಲ್ಲ. ಇಲ್ಲಿ ಪ್ರಾಣಿಗೆ ಪ್ರಜ್ಞೆ ತಪ್ಪಿಸಿ ಕೊಯ್ತಾರೆ. ಅಂಗಡೀಲಿ ಹಲಾಲ್ ಅಂತ ಮುದ್ರೆ ಇರುತ್ತೆ, ನನಗೆ ನಂಬಿಕೆ ಬರಲ್ಲ."

"ಯಾವಾಗಿನಿಂದ?"

"ಇಲ್ಲಿಗೆ ಬಂದಾಗಿನಿಂದ. ನಾಲ್ಕು ವರ್ಷ."

"ಹಾಲು?"

"ವಾಸನೆ ಆಗಲ್ಲ. ಓಟ್ಸ್ ಹಾಲು ಕುಡೀತೀನಿ."

"ಚೀಸ್?"

"ಅದನ್ನ ಹೆಪ್ಪುಗಟ್ಟಿಸೋಕೆ ಕರುವಿನ ಹೊಟ್ಟೆಯಿಂದ ಏನೋ ತೆಗೆದು ಹಾಕ್ತಾರೆ."

"ಮೊಟ್ಟೆ?"

ಅಫ್ಶೀನ್ ಯೋಚಿಸಿದಳು. "ಕೇಕ್‌ನಲ್ಲಿ ಇದ್ರೆ."

ಮೋನಾ ಪೆನ್ಸಿಲ್ ಕೆಳಗಿಟ್ಟರು. "ಆದರೆ ಸಸ್ಯಾಹಾರಿಯೇ ಎಂದು ಕೇಳಿದಾಗ ಅಲ್ಲ ಎಂದಿರಿ."

"ಅಲ್ಲವಲ್ಲ" ಎಂದ ಮಾಜಿದ್. "ನಮ್ಮಲ್ಲಿ ವೆಜಿಟೇರಿಯನ್ ಅನ್ನೋದು ಜಾತಿ ಥರ. ಹುಟ್ಟಿನಿಂದ ಬರೋದು. ಈಗ ನನ್ನ ಫ್ರೆಂಡ್ ನಂದಕುಮಾರ್ ಇದಾನೆ, ಅವನು ವೆಜಿಟೇರಿಯನ್. ಆದ್ರೆ ಕ್ಯಾಂಟೀನ್‌ನಲ್ಲಿ ದಿನಾ ಚಿಕನ್ ತಿಂತಾನೆ. ನಾವು ನಾನ್‌ವೆಜ್. ತಿನ್ನಲ್ಲ."

ಮೋನಾ ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡರು. ನಕ್ಕರೋ ಅತ್ತರೋ ನನಗೆ ಕಾಣಲಿಲ್ಲ. ಆಮೇಲೆ ಸಮಾಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಮೈಯೊಳಗೆ ನಡೆಯುವುದು ಕಾರ್ಖಾನೆಯ ಸಾಲಿದ್ದ ಹಾಗೆ. ಫೋಲೇಟನ್ನು ಈ ಜೀನ್ ಹದ ಮಾಡಿ ಮುಂದಿನವರ ಕೈಗೆ ಕೊಡುತ್ತದೆ. ಅಲ್ಲಿ ಇಸಿದುಕೊಳ್ಳಲು ಬಿ ಹನ್ನೆರಡು ಇರಬೇಕು. ಅದು ಸಿಗುವುದು ಮಾಂಸ, ಮೀನು, ಹಾಲು, ಮೊಟ್ಟೆಯಲ್ಲಿ. ಅದಿಲ್ಲದಿದ್ದರೆ ಮಾತ್ರೆ ಎಷ್ಟು ನುಂಗಿದರೂ ಸಾಲು ಅಲ್ಲೇ ನಿಲ್ಲುತ್ತದೆ. ಬಿ ಎರಡು ಆ ನಿಧಾನದ ಜೀನಿಗೆ ಆಸರೆಯಾಗಬಹುದು ಎಂದು ಕೆಲವರು ಹೇಳುತ್ತಾರೆ, ಅದಿನ್ನೂ ಗಟ್ಟಿಯಾಗಿಲ್ಲ.

ನಾನು ನನಗೆ ತಿಳಿದ ರೀತಿಯಲ್ಲಿ ನೋಡಿಕೊಂಡೆ. ಬಿಲ್ಲು ಹಿಡಿದು ಹತ್ತಿ ಹಿಂಜುವವನು ಒಬ್ಬ, ಅದನ್ನು ತೆಗೆದು ಗಾದಿಗೆ ತುಂಬುವವನು ಇನ್ನೊಬ್ಬ. ತುಂಬುವವನು ಬರದಿದ್ದರೆ ಹಿಂಜಿದ ಹತ್ತಿ ರಾಶಿ ಬೀಳುತ್ತದೆ, ಗಾದಿ ಖಾಲಿಯೇ. ಸರಿ. ಆದರೆ ನಮ್ಮಲ್ಲಿ ಹಿಂಜುವವನೂ ನಿಧಾನ, ತುಂಬುವವನೂ ಇಲ್ಲ. ಹಾಗಿದ್ದರೆ ಗಾದಿ ಕೆಟ್ಟದ್ದು ಯಾರಿಂದ? ಅಲ್ಲಿಗೆ ಬಂದು ನನ್ನ ತಲೆ ನಿಂತುಹೋಯಿತು.

ಅಫ್ಶೀನಳ ಪ್ರಶ್ನೆಯೂ ಅದೇ ಆಗಿತ್ತು. "ಹಾಗಾದ್ರೆ ನನ್ನ ಮಗು ಹೋಗಿದ್ದು ರಕ್ತದಿಂದಲಾ, ಊಟದಿಂದಲಾ?"

"ಗೊತ್ತಿಲ್ಲ" ಎಂದರು ಮೋನಾ. "ಎರಡೂ ಸೇರಿರಬಹುದು. ಎರಡೂ ಅಲ್ಲದಿರಬಹುದು. ಹೋದ ಮಗುವಿನ ಬಗ್ಗೆ ಯಾರೂ ಹೇಳಲಾರರು. ಇವತ್ತು ರಕ್ತ ತೆಗೆದು ಬಿ ಹನ್ನೆರಡು ನೋಡೋಣ."

"ನಾನು ಹೌದು ಇಲ್ಲ ಕೇಳೋಕೆ ಬಂದಿದ್ದು" ಎಂದಳು ಅಫ್ಶೀನ್. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಯಾರಿಗೂ ಅಲ್ಲದ ಹಾಗೆ ಕನ್ನಡದಲ್ಲಿ.

ವಾಪಸ್ ಬರುವಾಗ ಅವಸರದಲ್ಲಿ ಮಾತಾಡಬಾರದ ಡಬ್ಬಿಗೆ ಹತ್ತಿಬಿಟ್ಟಿದ್ದೆವು. ಇಲ್ಲಿಯ ಟ್ರೇನಿನಲ್ಲಿ ಅಂಥದ್ದೂ ಒಂದಿರುತ್ತದೆ. ಟ್ರೇನು ಹೊರಟಿತು, ಅಫ್ಶೀನ್ ಬಾಯಿ ಬಿಟ್ಟಳು.

"ಕ್ಯಾಂಟೀನ್‌ನಲ್ಲಿ ನಂದಕುಮಾರ್ ದಿನಾ ಚಿಕನ್ ತಿಂತಾನೆ ಅಂದೆಯಲ್ಲ. ನೀನೇನು ತಿಂತೀಯ?"

"ಸ್ಯಾಲಡ್."

"ಸ್ಯಾಲಡ್ ಮೇಲೆ?"

ಮಾಜಿದ್ ಕಿಟಕಿಯ ಕಡೆ ನೋಡಿದ. "ಚಿಕನ್."

"ಯಾವಾಗಿನಿಂದ?"

ಎದುರಿನ ಸೀಟಿನ ಮುದುಕ ಗೋಡೆಯ ಮೇಲಿನ ಫಲಕಕ್ಕೆ ಬೆರಳು ತೋರಿಸಿದ. ಅಲ್ಲಿಂದ ಮುಂದಿನ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು. ಗಂಡ ಹೆಂಡಿರು ಪಿಸುಗುಟ್ಟಿ ಜಗಳವಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹೊರಗಿನವರು ನೋಡಿದ್ದರೆ ಸರಸ ಎಂದುಕೊಳ್ಳಬೇಕು.

"ನಾನು ಬಿಟ್ಟಿದ್ದು ನಮ್ಮಿಬ್ಬರಿಗೂ ಅಂದ್ಕೊಂಡಿದ್ದೆ."

"ನಾನು ಬಿಡು ಅಂತ ಹೇಳಿದ್ನಾ?"

"ತಿಂತೀನಿ ಅಂತಲೂ ಹೇಳಲಿಲ್ಲವಲ್ಲ. ಒಂದಿನ ಹೇಳಿದ್ರೂ ಜಗಳ ಆಡಿ, ಸೋತು, ನಾನೂ ತಿಂತಿದ್ನೇನೋ."

ಮಾಜಿದ್ ಎದ್ದು ಹೋಗಿ ಬಾಗಿಲ ಬಳಿ ನಿಂತ. ಅಫ್ಶೀನ್ ನನ್ನ ಭುಜಕ್ಕೆ ತಲೆ ಆನಿಸಿದಳು.

"ನೀವು ಹೇಳಿ ಅತ್ತೆ. ರಕ್ತನಾ, ಊಟನಾ?"

"ಆಯಮ್ಮನಿಗೇ ಗೊತ್ತಿಲ್ಲ, ನನಗೇನು ತಿಳೀತದೆ ಕಣವ್ವ? ಊಟ ಆಗಿದ್ರೆ ಒಳ್ಳೇದಲ್ವಾ, ಸರಿ ಮಾಡಬಹುದು."

"ಇಲ್ಲ ಅತ್ತೆ. ರಕ್ತ ಆಗಿದ್ರೆ ತಪ್ಪು ಯಾರದ್ದೂ ಅಲ್ಲ. ಊಟ ಅಂದ್ರೆ..." ನನ್ನ ಕೈ ಹಿಡಿದುಕೊಂಡಳು. "ಊಟ ಬಿಟ್ಟೋಳು ನಾನೇ ಅಲ್ವಾ."

ನಾನು ಬೆಚ್ಚಿದೆ. ಅಷ್ಟು ದಿನ ಐದು ಹೊತ್ತೂ ನಾನು ಬೇಡುತ್ತಿದ್ದದ್ದು, ಇದು ರಕ್ತದ್ದಾಗದಿರಲಿ ಎಂದು. ಈ ಹುಡುಗಿ ಬೇಡುತ್ತಿರುವುದು ರಕ್ತದ್ದೇ ಆಗಲಿ ಎಂದು. ಇಬ್ಬರೂ ಕೇಳುವುದು ಒಬ್ಬನನ್ನೇ, ಅವನಾದರೂ ಯಾರ ಮಾತು ಕೇಳಬೇಕು? ಅವಳ ತಲೆ ಸವರಿದೆ. ದೇವರಿಗಾಗಿ ಬಿಟ್ಟದ್ದು ತಪ್ಪು ಹೇಗಾಗುತ್ತದೆ ಎನ್ನಬೇಕೆಂದಿದ್ದೆ, ಆದರೆ ಹಾಗೆಂದರೆ ಇನ್ನೂ ಬಿಟ್ಟೇ ಇರು ಎಂದಂತಾಗುತ್ತದೆ. ಬೆನ್ನ ಮೇಲೆ ಕೈಯಿಟ್ಟು ಕೂತೆ.

ವಾರದೊಳಗೆ ಫೋನು ಬಂತು. ಬಿ ಹನ್ನೆರಡು ತೀರಾ ಕಡಿಮೆಯಂತೆ. ಮೊದಲು ಸೂಜಿಮದ್ದು, ಆಮೇಲೆ ಮಾತ್ರೆ. ಅದು ಮೈಗೆ ಹತ್ತಿದೆ ಎಂದು ಮತ್ತೆ ನೋಡುವವರೆಗೆ ಬಸುರಾಗದಿರುವುದು ಒಳ್ಳೆಯದು, ನಂತರ ನಿಮ್ಮಿಷ್ಟ ಎಂದರಂತೆ ಮೋನಾ.

"ನಿಮ್ಮಿಷ್ಟ ಅಂತೆ" ಎಂದು ಅಫ್ಶೀನ್ ಫೋನು ಮೇಜಿನ ಮೇಲೆ ಬೋರಲು ಹಾಕಿದಳು. "ಎಲ್ಲ ಓದಿಕೊಂಡು ಕೊನೆಗೆ ನಿಮ್ಮಿಷ್ಟ ಅಂತಾರೆ."

ಮಾಜಿದ್ ಆವತ್ತು ಆಫೀಸಿನಿಂದ ಬರುವಾಗ ಮೀನು ತಂದ. ಮೀನಿಗೆ ಕೊಯ್ಯುವ ಕಟ್ಟಳೆಯಿಲ್ಲ. ನಮ್ಮದು ಹೊಳೆದಂಡೆಯ ಊರಾದರೂ ನಮ್ಮ ಮನೆಯಲ್ಲಿ ಮೀನಿನ ಬಳಕೆ ಕಡಿಮೆ. ಗುಲಾಬಿ ಬಣ್ಣದ ಆ ದಪ್ಪ ತುಂಡನ್ನು ಏನು ಮಾಡುವುದೆಂದು ತಿಳಿಯದೆ ಕುರಿಮಾಂಸಕ್ಕೆ ಅರೆಯುವ ಮಸಾಲೆಯನ್ನೇ ಅರೆದು ಹಾಕಿದೆ. ತುಂಡು ಒಡೆದು ಸಾರೆಲ್ಲ ಕಲಸಿಹೋಯಿತು. ಅಫ್ಶೀನ್ ಮೂಗು ಮುರಿಯುತ್ತಲೇ ತಿಂದಳು. ಮಾಜಿದ್ ಅವಳ ತಟ್ಟೆಗೆ ಇನ್ನಷ್ಟು ಬಡಿಸಲು ಹೋದಾಗ, "ಸ್ಯಾಲಡ್ ಮೇಲೆ ಹಾಕ್ಕೊಂಡು ನೀನೇ ತಿನ್ನು" ಎಂದಳು. ಜಗಳ ಮುಗಿದಿರಲಿಲ್ಲ, ಆದರೆ ಪಿಸುಮಾತಿನಿಂದ ದನಿಗೆ ಬಂದಿತ್ತು. ಅದು ಒಳ್ಳೆಯ ಲಕ್ಷಣ ಎಂದು ತೆಗೆದುಕೊಂಡೆ.

ಸೂಜಿಮದ್ದಿಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ನಾನೇ ಅವಳ ಜೊತೆ ಹೋದೆ. ನರ್ಸು ಚಿಕ್ಕ ವಯಸ್ಸಿನವಳು. ಇಬ್ಬರೂ ಸ್ವೀಡಿಷ್‌ನಲ್ಲಿ ಮಾತಾಡಿದರು, ನನಗೆ ಒಂದಕ್ಷರ ತಿಳಿಯಲಿಲ್ಲ. ಮದ್ದು ಕೊಟ್ಟು, ಹತ್ತಿ ಒತ್ತಿ, ಪಟ್ಟಿ ಅಂಟಿಸಿ, ಕಂಪ್ಯೂಟರಿಗೆ ತಿರುಗಿ ಅವಳು ಏನೋ ಒಂದು ಕೇಳಿದಳು. ದಿನಕ್ಕೆ ಹತ್ತು ಜನರನ್ನು ಕೇಳುವ ದನಿ. ಆದರೆ ಅಫ್ಶೀನ್ ತೋಳು ಮಡಿಸಿ ಹಿಡಿದುಕೊಂಡು ಹಾಗೇ ಕೂತಳು. ನರ್ಸು ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದಳು. ನಾನೂ ಕಾದೆ.

"ಏನಂತೆ?" ಎಂದೆ ಕೊನೆಗೆ.

"ಮಗು ಮಾಡ್ಕೋಬೇಕು ಅಂತಿದೀರಾ ಅಂತ ಕೇಳ್ತಿದಾಳೆ ಅತ್ತೆ. ದೊಡ್ಡ ಫೋಲಿಕ್ ಮಾತ್ರೆ ಬರೀಬೇಕಾ ಬೇಡ್ವಾ ಅಂತ."

ಹೌದೆನ್ನು ಎಂದು ನಾನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನನ್ನ ಮಾತಿಗೆ ಅಲ್ಲಿ ಯಾವ ಬೆಲೆ ಇರಬೇಕು ಎಂದು ನನಗೇ ತಿಳಿದಿರಲಿಲ್ಲ. ನಾನು ಅವಳಿಗ್ಯಾರು? ಮೋನಾ ಬರೆದ ಚಿತ್ರದ ಮೂರು ಗೆರೆಗಳ ಕಡೆಯಿಂದಲೂ ನಾನೇ.

"ಮೋನಾ ಹೇಳಲ್ಲ, ನೀವು ಹೇಳಲ್ಲ" ಎಂದಳು ಅಫ್ಶೀನ್, ಸಿಟ್ಟಿಲ್ಲದೆ. ಆಮೇಲೆ ನರ್ಸಿನ ಕಡೆ ತಿರುಗಿ, "ಯಾ" ಎಂದಳು. ಅವಳಿಗೆ ಕೇಳಿಸಲಿಲ್ಲವೆಂದೋ ಏನೋ ಇನ್ನೊಮ್ಮೆ ಎಂದಳು. "ಯಾ."

ಆ ಭಾಷೆಯಲ್ಲಿ ಹೌದು ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನರ್ಸು ಟಪಟಪ ಒತ್ತಿ ನಕ್ಕಳು. ಅಫ್ಶೀನ್ ನಗಲಿಲ್ಲ, ಅಳಲೂ ಇಲ್ಲ, ಎದ್ದು ಕೋಟಿಗೆ ಕೈಚಾಚಿದಳು. ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ನಾನು ಕೋಟು ಬಿಡಿಸಿ ಹಿಡಿದೆ. ಕೋಟಿನ ಎಡತೋಳು ಒಳಮಗ್ಗುಲಾಗಿ ತಿರುಚಿಕೊಂಡಿತ್ತು. ಅದನ್ನು ಹೊರಗೆಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ಸೂಜಿ ಚುಚ್ಚಿದ ತೋಳನ್ನು ಮೆಲ್ಲಗೆ ಎತ್ತಿಕೊಂಡು, ನನಗೆ ಬೆನ್ನು ಮಾಡಿ ನಿಂತಿದ್ದಳು.